ತನ್ನ ವಿರುದ್ಧ ತಾನೇ ಗೆದ್ದ ಕಮಲಾಕರ ಭಟ್ಟರು

ಬೋರ್ಡು ಬರೆಸಿದ್ದು ಕಮಲಾಕರ ಭಟ್ಟರ ತಪ್ಪಲ್ಲ. ಬೇಗ ಬರೆಸಿದ್ದು ತಪ್ಪು. ಶಿರಸಿಯ ಅವರ ಮನೆಯ ಗೇಟಿಗೆ ಜೂನ್ ತಿಂಗಳ ಒಂದು ಬೆಳಿಗ್ಗೆ 'ಕಮಲಾಕರ ಭಟ್ಟ, ಎಲ್‌ಎಲ್‌.ಬಿ. (ಮೂರನೇ ವರ್ಷ)' ಎಂಬ ನೀಲಿ ಬೋರ್ಡು ಏರಿತು. ಆವರಣದೊಳಗಿನ ಅಕ್ಷರಗಳು ಉಳಿದವಕ್ಕಿಂತ ಸಣ್ಣವು. ಬೀದಿಯಲ್ಲಿ ಹೋಗುವವರಿಗೆ ಎಲ್‌ಎಲ್‌.ಬಿ. ಮಾತ್ರ ಕಂಡರೆ ಸಾಕು ಎಂದು ಭಟ್ಟರೇ ಪೇಂಟರನಿಗೆ ಹೇಳಿದ್ದರು. ಇನ್ನೊಂದು ಸಣ್ಣ ಸಂಗತಿಯೂ ಇತ್ತು. ಬೋರ್ಡು ಏರಿದ ದಿನ ಭಟ್ಟರು ಯಾವ ಕಾಲೇಜಿನ ಮೂರನೇ ವರ್ಷದಲ್ಲೂ ಇರಲಿಲ್ಲ.

ಭಟ್ಟರು ಮೂಲತಃ ಯಲ್ಲಾಪುರ ತಾಲೂಕಿನ ವಜ್ರಳ್ಳಿಯವರು. ಸಹಕಾರಿ ಸಂಘವೊಂದರ ಕಾರ್ಯದರ್ಶಿಯಾಗಿದ್ದು, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು, ಐವತ್ತು ದಾಟಿದ ಮೇಲೆ ವಕೀಲರಾಗಲು ಹೊರಟವರು. ಬಯಲುಸೀಮೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದರು. ಸುಳ್ಳು ಹೇಳಬಾರದು, ಶ್ರದ್ಧೆಯಿಂದಲೇ ಓದಿ ಎಲ್ಲ ಪೇಪರೂ ಪಾಸು ಮಾಡಿದರು. ಆದರೆ ಅಲ್ಲಿಯ ಮೆಸ್ಸಿನ ಖಾರ ಹೊಟ್ಟೆಗೆ ಆಗಿಬರಲಿಲ್ಲ ಎಂದು ಅವರೇ ಹೇಳುತ್ತಾರೆ. ಹೊಟ್ಟೆಗಿಂತ ಹೆಚ್ಚು ಕಷ್ಟವಾದದ್ದು ನಾಲಿಗೆಗೆ ಎಂದು ಹೆಂಡತಿ ಸುಬ್ಬಲಕ್ಷ್ಮಿ ಹೇಳುತ್ತಾಳೆ. ಭಟ್ಟರು ತಾಳಮದ್ದಳೆಯ ಅರ್ಥಧಾರಿ. ಭಾಗವತರು ಪದ ಹೇಳಿ ಮುಗಿಸಿದ ಮೇಲೆ ಪಾತ್ರವಾಗಿ ಕೂತು ಎದುರಿನವನ ಜೊತೆ ವಾದಕ್ಕಿಳಿಯುವುದು ಅವರ ಜೀವನದ ಪರಮ ಸುಖ. ದೂತನ ಪಾತ್ರ ಕೊಡಿ, ರಾಜನ ಬಾಯಿ ಮುಚ್ಚಿಸುತ್ತಾರೆ. ರಾಜನ ಪಾತ್ರ ಕೊಡಿ, ದೂತ ಬಂದ ದಾರಿ ಮರೆಯುತ್ತಾನೆ. ಬಯಲುಸೀಮೆಯಲ್ಲಿ ಇವರಿಗೆ ಎದುರು ಕೂರುವವರೇ ಇರಲಿಲ್ಲ.

ಅಷ್ಟರಲ್ಲಿ ಶಿರಸಿಯಲ್ಲೇ ಶಾಲ್ಮಲಾ ಕಾನೂನು ಕಾಲೇಜು ಶುರುವಾಯಿತು. ಉಳಿದ ಒಂದು ವರ್ಷವನ್ನು ಮನೆಯ ಊಟ ಮಾಡಿಕೊಂಡು ಮುಗಿಸುವುದೆಂದು ಭಟ್ಟರು ನಿಶ್ಚಯಿಸಿದರು. ಒಂದೇ ತೊಡಕೆಂದರೆ ಕ್ರೆಡಿಟ್ಟು. ಒಂದು ವಿಷಯ ಓದಿ ಪಾಸಾದರೆ ಇಷ್ಟು ಕ್ರೆಡಿಟ್ಟು ಎಂದು ವಿಶ್ವವಿದ್ಯಾಲಯ ಕೊಡುತ್ತದೆ. ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಗುವಾಗ ಅವನ್ನು ಹೊತ್ತುಕೊಂಡು ಹೋಗಬೇಕು. ಅಲ್ಲಿಯವರು ಒಪ್ಪಿದರೆ ಮುಂದಿನ ಕ್ಲಾಸು, ಒಪ್ಪದಿದ್ದರೆ ಮತ್ತೆ ಒಂದರಿಂದ ಶುರು. ಒಪ್ಪುವುದು ಬಿಡುವುದು ಕಾಲೇಜಿನ ಸಮಾನತೆ ಸಮಿತಿಯ ಕೈಯಲ್ಲಿತ್ತು. ಒಪ್ಪದೆ ಏನು ಮಾಡುತ್ತಾರೆ ಎಂದು ಭಟ್ಟರು ಬೋರ್ಡು ಬರೆಸಿಬಿಟ್ಟರು. ಸುಬ್ಬಲಕ್ಷ್ಮಿಗೆ ಗಂಡನ ಮೇಲಿದ್ದ ನಂಬಿಕೆ ಅಷ್ಟು ಗಟ್ಟಿಯಾಗಿರಲಿಲ್ಲವಾದ್ದರಿಂದ, ಕೆಲಸವಾದರೆ ಗುಡಿಯಲ್ಲಿ ಒಂದು ಗಂಟೆ ಕಟ್ಟುತ್ತೇನೆಂದು ಚಂದಗುಳಿಯ ಗಣಪತಿಗೆ ಹರಕೆ ಹೊತ್ತಳು.

ಈ ಸಂಭ್ರಮದಲ್ಲಿ ಮುಖ ಗಂಟಿಕ್ಕಿಕೊಂಡು ಓಡಾಡುತ್ತಿದ್ದವಳು ಮಗಳು ಅಭಿಜ್ಞಾ. ಬಿ.ಕಾಂ. ಮುಗಿಸಿದ್ದ ಅವಳು ಅದೇ ಕಾಲೇಜಿನ ಮೊದಲ ವರ್ಷಕ್ಕೆ ಸೇರಿದ್ದಳು. ವಕೀಲಳಾಗಬೇಕೆಂಬುದು ಹೈಸ್ಕೂಲಿನಿಂದ ಅವಳು ಇಟ್ಟುಕೊಂಡ ಆಸೆ, ಅಪ್ಪನ ಹಾಗೆ ನಿವೃತ್ತಿಯ ಮೇಲೆ ಹುಟ್ಟಿದ್ದಲ್ಲ. ಅಪ್ಪ ಮೂರನೇ ವರ್ಷದಲ್ಲಿದ್ದರೆ ಅವಳು ಹೇಗೋ ಸಹಿಸಿಯಾಳು, ಮಹಡಿ ಬೇರೆ. ಆದರೆ ಕ್ರೆಡಿಟ್ಟು ಬರದಿದ್ದರೆ?

"ಅಪ್ಪಾ, ನೀ ಯನ್ನ ಕ್ಲಾಸಲ್ಲಿ ಬಂದು ಕೂತ್ರೆ ಆನು ಲಾ ಬಿಟ್ಟು ಬಿ.ಎಡ್.ಗೆ ಹೋಗ್ತೆ. ತಮಾಷೆಗೆ ಹೇಳ್ತಾ ಇಲ್ಲೆ" ಎಂದಳು.

ಭಟ್ಟರು ನಕ್ಕು, ಅಂಥ ಪ್ರಸಂಗ ಬರುವುದೇ ಇಲ್ಲ ಎಂದರು. ಅವರ ಬಾಯಿಂದ ಇಂಥ ಭರವಸೆ ಬಂದಾಗಲೆಲ್ಲ ಮನೆಯವರ ಎದೆ ಹಾರುತ್ತದೆ.

ಸಮಿತಿಯ ಮುಂದೆ ಹಾಜರಾಗುವ ದಿನ ಭಟ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಶಾಲು ಹಾಕಿ ಹೊರಟರು. ಕಾಲೇಜಿನ ಆಫೀಸಿನಲ್ಲಿ ಸಿಕ್ಕಿದವರು ಚನ್ನಬಸವ, ಬನವಾಸಿ ಕಡೆಯವರು, ಆಫೀಸು ಸೂಪರಿಂಟೆಂಡೆಂಟು ಮತ್ತು ಸಮಿತಿಯ ಕಾರ್ಯದರ್ಶಿ. ಶಾಲು ನೋಡಿದ ಕೂಡಲೇ ಅವರಿಗೆ ಏನೋ ಅನುಮಾನವಾಯಿತು.

"ಭಟ್ರ, ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಒಳಗ ಹೋಗ್ರಿ, ಕುಂದರ್ರಿ, ಕೇಳಿದ್ದಕ್ಕ ಹೌದು ಅನ್ರಿ, ಎದ್ದು ಬರ್ರಿ. ನಿಮ್ಮ ಕೆಲಸ ಆಗೇತಿ ಅಂತ ತಿಳೀರಿ" ಎಂದರು.

ಇಷ್ಟು ಸುಲಭದ ಸಲಹೆಯನ್ನು ಪಾಲಿಸುವುದು ಭಟ್ಟರ ಜಾಯಮಾನಕ್ಕೆ ಒಗ್ಗುವುದಲ್ಲ. ಆದರೂ ಅವರು ಒಳಗೆ ಹೋಗಿ, ಕೂತು, ಮೊದಲ ಪ್ರಶ್ನೆಗೆ ಹೌದು ಎಂದದ್ದು ದಾಖಲೆಯಲ್ಲಿದೆ. ನಿಮ್ಮ ಹೆಸರು ಕಮಲಾಕರ ಭಟ್ಟ ಎಂದೇ ಎಂಬುದು ಆ ಪ್ರಶ್ನೆ.

ಕೇಳಿದವರು ಸಮಿತಿಯ ಅಧ್ಯಕ್ಷರು, ಕಾಲೇಜಿನ ಪ್ರಿನ್ಸಿಪಾಲರು, ಸಿದ್ದಾಪುರದ ತ್ರಯಂಬಕ ಹೆಗಡೆಯವರು. ಹೆಸರು ಕೇಳಿ ಅವರು ಕನ್ನಡಕ ತೆಗೆದರು. ವಜ್ರಳ್ಳಿಯ ಅರ್ಥಧಾರಿ ಕಮಲಾಕರ ಭಟ್ಟರು ತಾವೇನಾ ಎಂದು ವಿಚಾರಿಸಿದರು. ಭಟ್ಟರು ವಿನಯದಿಂದ ಶಾಲು ಸರಿಪಡಿಸಿಕೊಂಡರು. ಹೆಗಡೆಯವರಿಗೆ ತಾಳಮದ್ದಳೆ ಎಂದರೆ ಪ್ರಾಣ. ಸಿದ್ದಾಪುರದಲ್ಲಿ ಭಟ್ಟರ ಅರ್ಥ ಕೇಳಿ ತಾವು ಮೈಮರೆತದ್ದನ್ನು ವರ್ಣಿಸಲು ತೊಡಗಿದರು. ಮೂಲೆಯಲ್ಲಿ ಕೂತಿದ್ದ ಚನ್ನಬಸವ ಗಡಿಯಾರ ನೋಡಿ, ಸರ್, ಆಕ್ಷೇಪಣೆ ಎಂದು ನೆನಪಿಸಿದರು.

ಆಕ್ಷೇಪಣೆಗಳಿದ್ದವು ಎರಡೇ. ಭಟ್ಟರು ಓದಿದ್ದು ಹಳೆಯ ದಂಡಸಂಹಿತೆ, ಈಗ ಅದು ಹೋಗಿ ನ್ಯಾಯಸಂಹಿತೆ ಬಂದಿದೆ. ಮತ್ತೆ ಕರಾರು ಕಾನೂನಿಗೆ ಅಲ್ಲಿ ಕೊಟ್ಟ ಕ್ರೆಡಿಟ್ಟು ಇಲ್ಲಿಗಿಂತ ಒಂದು ಕಡಿಮೆ. ಎರಡೂ ಓದಿ ಬಿಟ್ಟುಬಿಡುವಂಥ ಆಕ್ಷೇಪಣೆಗಳು. ಹೆಗಡೆಯವರು ಬಿಟ್ಟುಬಿಡುವವರೂ ಇದ್ದರು. ಆದರೆ ಮೊದಲನೆಯದಕ್ಕೆ ಭಟ್ಟರು ಕೊಟ್ಟ ಉತ್ತರ ಎಷ್ಟು ಸೊಗಸಾಗಿತ್ತೆಂದರೆ, ಇಂಥ ಮಾತುಗಾರ ಎದುರಿಗಿರುವಾಗ ಆಕ್ಷೇಪಣೆ ಹೀಗೆ ಸಪ್ಪೆಯಾಗಿ ಸಾಯುವುದನ್ನು ಅವರಿಗೆ ಸಹಿಸಲಾಗಲಿಲ್ಲ.

"ಭಟ್ರೇ, ಈ ಆಕ್ಷೇಪಣೆಗೆ ಯನ್ನ ಬಾಯಲ್ಲಿ ಬಲ ಬತ್ತಿಲ್ಲೆ. ಒಂದು ಕೆಲಸ ಮಾಡನ. ನೀವು ಸಮಿತಿ ಆಗಿ, ಆನು ಅರ್ಜಿದಾರ ಆಗ್ತೆ. ಒಂದು ಗಳಿಗೆ, ಸುಮ್ನೆ ರುಚಿಗೆ" ಎಂದರು.

ಚನ್ನಬಸವ ಕೆಮ್ಮಿದರು. ಅದು ಎಚ್ಚರಿಕೆಯ ಕೆಮ್ಮು ಎಂದು ಇಡೀ ಶಿರಸಿಗೆ ತಿಳಿಯುವ ಹಾಗಿತ್ತು. ಭಟ್ಟರು ಅಷ್ಟರಲ್ಲಿ ಎದ್ದು ಹೋಗಿ ಪ್ರಿನ್ಸಿಪಾಲರ ಕುರ್ಚಿಯಲ್ಲಿ ಕೂತಾಗಿತ್ತು.

ಮುಂದಿನದನ್ನು ಭಟ್ಟರ ಮನೆಯವರು ಇಂದಿಗೂ ವಿವರವಾಗಿ ಕೇಳಲು ಒಪ್ಪುವುದಿಲ್ಲ. ಅರ್ಜಿದಾರನ ಪಾತ್ರದಲ್ಲಿದ್ದ ಹೆಗಡೆಯವರು, ಕಾನೂನಿನ ಕಲಮುಗಳ ನಂಬರು ಬದಲಾಗಿರಬಹುದು, ಕಳ್ಳತನ ಆಗಲೂ ಕಳ್ಳತನ, ಈಗಲೂ ಕಳ್ಳತನ ಎಂದು ವಾದಿಸಿದರು. ಸಮಿತಿಯ ಪಾತ್ರದಲ್ಲಿದ್ದ ಭಟ್ಟರು ಮುಗುಳ್ನಕ್ಕರು. ಮನೆ ನಂಬರು ಬದಲಾದ ಮೇಲೂ ಹಳೆಯ ನಂಬರು ಹಿಡಿದು ತಿರುಗುವ ಪೋಸ್ಟ್‌ಮ್ಯಾನು ಕಾಗದವನ್ನು ಯಾರ ಮನೆಗೆ ಹಾಕುತ್ತಾನೆ, ಅಂಥ ವಕೀಲ ಕಕ್ಷಿದಾರನನ್ನು ಯಾವ ಜೈಲಿಗೆ ಹಾಕುತ್ತಾನೆ ಎಂದು ಕೇಳಿದರು. ಹೆಗಡೆಯವರು ಎರಡನೆಯ ಆಕ್ಷೇಪಣೆಗೆ ಜಿಗಿದರು. ಒಂದು ಕ್ರೆಡಿಟ್ಟು ತಾನೆ, ದೊಡ್ಡ ಮನಸ್ಸು ಮಾಡಿ ಎಂದು ಅಂಗಲಾಚಿದರು. ಕರಾರು ಕಾನೂನಿನಲ್ಲೇ ಕಡಿಮೆ ತೂಗುವವನನ್ನು ಕರಾರಿಗೆ ಸಾಕ್ಷಿ ಹಾಕಲೂ ಯಾರೂ ಕರೆಯುವುದಿಲ್ಲ ಎಂದು ಭಟ್ಟರು ಮೇಜು ಕುಟ್ಟಿದರು. ಮೈಕಿಲ್ಲದೆ ಸಭೆ ತುಂಬುವ ಕಂಠ ಅದು. ಬಾಗಿಲಲ್ಲಿ, ಕಿಟಕಿಯಲ್ಲಿ ವಿದ್ಯಾರ್ಥಿಗಳು ನೆರೆದರು. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಭಟ್ಟರನ್ನು ತಡೆಯಲು ಭಾಗವತರಿಗೂ ಸಾಧ್ಯವಿಲ್ಲ.

ಇದ್ದ ಆಕ್ಷೇಪಣೆಗಳು ಮುಗಿದವು. ಹೊಸದೊಂದನ್ನು ಭಟ್ಟರೇ ಹುಡುಕಿದರು. ಅರ್ಜಿದಾರನಿಗೆ ಲೋಕ ಅದಾಲತ್ತಿಗೆ ಹಾಜರಾಗಿ ವರದಿ ಬರೆದದ್ದಕ್ಕೂ ಕ್ರೆಡಿಟ್ಟು ಸಿಕ್ಕಿದೆ. ಆದರೆ ಅದೇ ದಿನ ಈ ಮಹಾಶಯನು ಸಿದ್ದಾಪುರದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದನೆಂಬುದಕ್ಕೆ ಸಾಕ್ಷಿ ಯಾರು ಗೊತ್ತೇ ಎಂದು ಒಂದು ಕ್ಷಣ ನಿಲ್ಲಿಸಿ, ಸ್ವತಃ ಸಮಿತಿಯ ಅಧ್ಯಕ್ಷರಾದ ತ್ರಯಂಬಕ ಹೆಗಡೆಯವರು ಎಂದು ಬೆರಳು ತೋರಿಸಿದರು. ಜನ ಹೋ ಎಂದರು. ಹೆಗಡೆಯವರು ಎದ್ದು ನಿಂತು ಕೈಮುಗಿದು ಸೋತೆ ಎಂದರು.

ಭಟ್ಟರು ಅಭಿನಂದನೆಗಳನ್ನು ಸ್ವೀಕರಿಸುತ್ತ, ಯಾರದೋ ಸೆಲ್ಫಿಗೆ ನಿಲ್ಲುತ್ತ ಮೆಟ್ಟಿಲು ಇಳಿದರು. ಕೊನೆಯ ಮೆಟ್ಟಿಲಿನಲ್ಲಿ ಅಭಿಜ್ಞಾ ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ, ತಾವು ಸೋಲಿಸಿ ಬಂದ ಅರ್ಜಿದಾರ ಯಾರೆಂಬುದು ಅವರಿಗೆ ಹೊಳೆಯಿತು.

ಮೇಲೆ ಓಡಿದರು. ಚನ್ನಬಸವ ಆಗಲೇ ಟೈಪು ಮಾಡುತ್ತಿದ್ದರು: ಅರ್ಜಿದಾರರೇ ಎತ್ತಿದ ಆಕ್ಷೇಪಣೆಗಳಿಗೆ ಸಮರ್ಪಕ ಉತ್ತರ ಬಾರದ ಕಾರಣ ಕ್ರೆಡಿಟ್ ವರ್ಗಾವಣೆಯನ್ನು ತಿರಸ್ಕರಿಸಲಾಗಿದೆ. ಹೆಗಡೆಯವರು ನಿಜಕ್ಕೂ ಬೇಸರದಲ್ಲಿದ್ದರು. ಆದರೆ ನಾಲ್ಕು ಜನರ ಎದುರು ಗೆದ್ದ ಮಾತನ್ನು ಕೋಣೆಯ ಬಾಗಿಲು ಹಾಕಿ ಸೋಲಿಸಲು ತಮಗೆ ಮನಸ್ಸು ಬಾರದು, ಬೇಕಾದರೆ ಮರುಪರಿಶೀಲನೆಗೆ ಹಾಕಿ, ಅಲ್ಲಿಯವರೆಗೆ ಮೊದಲ ವರ್ಷದಲ್ಲಿ ಕೂತಿರಿ, ಹಾಜರಿಯಾದರೂ ಉಳಿಯಲಿ ಎಂದರು.

ಮನೆಯಲ್ಲಿ ಸುಬ್ಬಲಕ್ಷ್ಮಿ ಎಲ್ಲ ಕೇಳಿ, ಒಗ್ಗರಣೆ ಸೌಟನ್ನು ಕೆಳಗಿಟ್ಟಳು.

"ನಿಂಗಕ್ಕೆ ಗೆಲ್ಲದು ಬೇಕಾಗಿತ್ತೋ, ಪಾಸಾಗದು ಬೇಕಾಗಿತ್ತೋ?"

ಮದುವೆಯಾದಂದಿನಿಂದ ಭಟ್ಟರು ನಿರುತ್ತರರಾಗುವುದು ಈ ಒಂದು ಪಾತ್ರದ ಎದುರು ಮಾತ್ರ.

ಪಕ್ಕದ ಮನೆಯ ಕೆರಿಯಪ್ಪನ ಸಂಕಟ ಬೇರೆ. ಆತ ತನ್ನ ಗಟಾರದ ತಕರಾರನ್ನು ಕೋರ್ಟಿಗೆ ಒಯ್ಯದೆ, ಭಟ್ಟರು ವಕೀಲರಾಗಲಿ ಎಂದು ಎರಡು ವರ್ಷದಿಂದ ಕಾದಿದ್ದ. ಪೇಂಟರನು ಏಣಿ ಹಾಕಿ ಬೋರ್ಡಿನ 'ಮೂರನೇ' ಅಳಿಸಿ 'ಒಂದನೇ' ಎಂದು ಬರೆಯುವಾಗ ಕೆರಿಯಪ್ಪ ಕೆಳಗೆ ನಿಂತು ಕೊನೆಯ ಅಕ್ಷರದವರೆಗೆ ನೋಡಿದ.

"ಭಟ್ರೇ, ನೀವು ಮುಂದೆ ಹೋಗ್ತೀರಿ ಅಂತ ನಾನು ಕಾದ್ರೆ ನೀವು ಹಿಂದೆ ಹಿಂದೆ ಬರ್ತಾ ಇದ್ದೀರಲ್ಲ. ಬರೋ ವರ್ಷ ಪಿಯುಸಿ ಅಂತ ಬರ್ಸಬೇಡಿ ಮತ್ತೆ. ಆ ಗಟಾರದ ನೀರು ಈಗ ಅಡುಗೆಮನೆ ತನಕ ಬಂದದೆ" ಎಂದ.

ಭಟ್ಟರು ಮೊದಲ ವರ್ಷದ ಕ್ಲಾಸಿಗೆ ಹೋಗತೊಡಗಿದರು. ಮಗಳಿಗೆ ಮುಜುಗರವಾಗದಿರಲೆಂದು ಕೊನೆಯ ಬೆಂಚಿನಲ್ಲಿ ಕೂತರು. ಕೂತದ್ದು ಕೊನೆಯ ಬೆಂಚಿನಲ್ಲಾದರೂ ದನಿ ಮೊದಲ ಬೆಂಚಿಗಿಂತ ಮುಂದಿರುತ್ತಿತ್ತು. ಉಪನ್ಯಾಸಕಿ ಶೈಲಾ ಮೇಡಂ ಒಂದು ಪ್ರಶ್ನೆ ಕೇಳಿದರೆ, ಅಭಿಜ್ಞಾ ಕೈ ಎತ್ತುವುದರೊಳಗೆ ಹಿಂದಿನಿಂದ ಉತ್ತರವೂ, ಉತ್ತರಕ್ಕೆ ಆಕ್ಷೇಪಣೆಯೂ, ಆಕ್ಷೇಪಣೆಗೆ ಸಮಾಧಾನವೂ ಬಂದಾಗಿರುತ್ತಿತ್ತು. ಮೇಡಂ ಪಾಪ, ಮೊದಮೊದಲು ಮೆಚ್ಚಿದರು, ಆಮೇಲೆ ಪ್ರಶ್ನೆ ಕೇಳುವುದನ್ನೇ ಬಿಟ್ಟರು. ಕ್ಲಾಸಿನ ಹುಡುಗರು ಭಟ್ಟರನ್ನು ಅಪ್ಪ ಎಂದು ಕರೆಯತೊಡಗಿದರು. ಶಶಾಂಕ ಎಂಬ ತಲೆಹರಟೆಯಂತೂ ಅಭಿಜ್ಞಾಳ ಹತ್ತಿರವೇ ಬಂದು, ನಮ್ಮ ಅಪ್ಪ ಇವತ್ತು ಊಟಕ್ಕೆ ಏನು ತಂದಿದ್ದಾರೆ ಎಂದು ವಿಚಾರಿಸಿದ. ಮಧ್ಯಾಹ್ನ ಎಲ್ಲರೆದುರು ಭಟ್ಟರು, ಕೂಸೇ, ಮಜ್ಜಿಗೆ ಕುಡಿದೆಯಾ ಎಂದು ಕೇಳಿದ್ದೂ ಅದೇ ದಿನ.

ಅದರ ಮಾರನೆಯ ಬೆಳಿಗ್ಗೆ ಅಭಿಜ್ಞಾ ಕಾಲೇಜಿಗೆ ಹೊರಡಲಿಲ್ಲ. ಲೈಬ್ರರಿಯ ಪುಸ್ತಕಗಳನ್ನು ಒಂದು ಚೀಲಕ್ಕೆ ತುಂಬಿ, ನೀನು ಹೋಗುವಾಗ ವಾಪಸು ಕೊಡು ಎಂದು ಅಪ್ಪನ ಮುಂದಿಟ್ಟಳು. ಕೂಗಾಡಲಿಲ್ಲ, ಅಳಲಿಲ್ಲ. ಬಿ.ಎಡ್. ಪ್ರವೇಶ ಎಂದಿನವರೆಗೆ ಎಂದು ಫೋನಿನಲ್ಲಿ ಯಾರನ್ನೋ ವಿಚಾರಿಸುತ್ತ ಒಳಗೆ ಹೋದಳು. ಭಟ್ಟರು ಚೀಲ ಬಿಚ್ಚಿ ಒಂದೊಂದೇ ಪುಸ್ತಕ ತೆರೆದು ನೋಡಿದರು. ಆ ಪುಸ್ತಕಗಳ ಅಂಚಿನಲ್ಲಿ ಮಗಳು ಪೆನ್ಸಿಲಿನಲ್ಲಿ ಬರೆದುಕೊಂಡ ಪ್ರಶ್ನೆಗಳಿದ್ದವು, ಕ್ಲಾಸಿನಲ್ಲಿ ಕೇಳಬೇಕೆಂದು ಇಟ್ಟುಕೊಂಡು ಕೇಳಲಾಗದೆ ಹೋದವು. ಅವರು ಪುಸ್ತಕ ವಾಪಸು ಕೊಡಲಿಲ್ಲ. ತಾನೇ ಕಾಲೇಜು ಬಿಡುತ್ತೇನೆಂದು ಮಗಳಿಗೆ ಹೇಳಿ ನೋಡಿದರು. ಹಾಗೆ ಬಿಟ್ಟರೆ ಎರಡು ವರ್ಷ ಓದಿದ್ದು ಮಣ್ಣುಪಾಲು, ಜನರ ಬಾಯಿಗೆ ಆಹಾರ, ಅದೂ ಬೇಡ ಎಂದು ಅವಳು ಅಡ್ಡ ಬಂದಳು. ಅಪ್ಪ ಮಗಳಿಬ್ಬರೂ ತಾನು ಬಿಡುತ್ತೇನೆ ತಾನು ಬಿಡುತ್ತೇನೆ ಎಂದು ವಾದಿಸುವಾಗಲೂ ಭಟ್ಟರೇ ಗೆಲ್ಲುವ ಲಕ್ಷಣ ಕಂಡದ್ದರಿಂದ ಸುಬ್ಬಲಕ್ಷ್ಮಿ ಬಂದು ಇಬ್ಬರನ್ನೂ ಗದರಿಸಿದಳು.

ಇಷ್ಟಾಗುವಾಗ ಹೊರಗೆ ನಡೆದದ್ದು ಇನ್ನೊಂದು. ತನ್ನ ಅರ್ಜಿಯ ವಿರುದ್ಧ ತಾನೇ ವಾದಿಸಿ ಗೆದ್ದ ಅರ್ಥಧಾರಿ ಎಂಬ ಸುದ್ದಿ ಊರೂರು ಹಬ್ಬಿ, ಯಲ್ಲಾಪುರದ ಕಲಾಭಿಮಾನಿಗಳು ಭಟ್ಟರಿಗೆ ಸನ್ಮಾನ ಏರ್ಪಡಿಸಿದರು. ಭಟ್ಟರು ಬೇಡವೆಂದರು. ಅವರು ಜೀವನದಲ್ಲಿ ಸನ್ಮಾನ ಬೇಡವೆಂದದ್ದು ಅದೇ ಮೊದಲು, ಅದನ್ನೂ ಯಲ್ಲಾಪುರದವರು ವಿನಯವೆಂದು ಬಗೆದು ಹಾರದ ಗಾತ್ರ ಹೆಚ್ಚಿಸಿದರು. ಅತಿಥಿಯಾಗಿ ತ್ರಯಂಬಕ ಹೆಗಡೆಯವರೇ ಬಂದರು. ಅಮ್ಮನ ಒತ್ತಾಯಕ್ಕೆ ಅಭಿಜ್ಞಾ ಕೂಡ ಬಂದು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಳು. ಅಪ್ಪನ ತಲೆಗೆ ಪೇಟ ಸುತ್ತುವುದನ್ನು ಅವಳು ನೋಡಿದ ರೀತಿಗೆ ಪೇಟ ಸುಟ್ಟು ಹೋಗದಿದ್ದದ್ದು ದೊಡ್ಡದು.

ಹೆಗಡೆಯವರು ಭಾಷಣ ಮಾಡಿದರು. ಆ ದಿನದ ವಾದವನ್ನು ಮೊದಲಿನಿಂದ ವರ್ಣಿಸಿ, ಕೊನೆಯಲ್ಲಿ ತಾಳಮದ್ದಳೆಯ ದೊಡ್ಡತನವನ್ನು ಕೊಂಡಾಡಿದರು. ಕೂತಲ್ಲಿ ಹಾವು ಮುಂಗುಸಿಯಂತೆ ಕಾದಾಡಿದವರು ಮುಗಿದ ಮೇಲೆ ಒಂದೇ ತಬಕಿನಿಂದ ಎಲೆಯಡಿಕೆಯ ಕವಳ ಹಾಕುತ್ತಾರೆ. ಏಕೆಂದರೆ ಪಾತ್ರವಾಗಿ ಆಡಿದ ಮಾತು ಪಾತ್ರದ್ದು, ಮನುಷ್ಯನದಲ್ಲ. ಅದನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಒಯ್ಯಲೂಬಾರದು. ಜನ ಚಪ್ಪಾಳೆ ತಟ್ಟಿದರು. ಹೆಗಡೆಯವರು ಭಟ್ಟರ ಕೈಗೆ ಕವಳದ ತಬಕು ಕೊಟ್ಟರು. ಭಟ್ಟರು ಎಲೆಗೆ ಸುಣ್ಣ ಹಚ್ಚಿ, ಅಡಿಕೆ, ಚೂರು ಹೊಗೆಸೊಪ್ಪು ಇಟ್ಟು ಬಾಯಿಗೆ ಹಾಕಿಕೊಂಡರು. ಕೃತಜ್ಞತೆಯ ನಾಲ್ಕು ಮಾತು ಆಡಿ ಎಂದು ಮೈಕು ಕೊಟ್ಟರೆ, ಬಾಯಿ ತುಂಬ ಕವಳ, ಉಂ ಉಂ ಎಂದು ಕೈಮುಗಿದು ಕೂತುಬಿಟ್ಟರು.

ಹಿಂದಿನ ಸಾಲಿನಲ್ಲಿ ಅಭಿಜ್ಞಾ ಕಟ್ಟಿದ ಕೈ ಬಿಚ್ಚಿದಳು. ಹೆಗಡೆಯವರ ಒಂದು ಮಾತು ಅವಳ ಕಿವಿಯಲ್ಲಿ ನಿಂತಿತ್ತು. ಅಪ್ಪ ಬಾಯಿ ತೆರೆಯಲಾಗದೆ ಕೂತ ದೃಶ್ಯ ಕಣ್ಣಲ್ಲಿ ನಿಂತಿತ್ತು. ಎರಡನ್ನೂ ಕೂಡಿಸಿಕೊಂಡು ಅವಳು ಮನೆಗೆ ಬಂದಳು, ಬಂದವಳೇ ಮರುಪರಿಶೀಲನೆಗೆ ಬರೆದು ಅಪ್ಪನ ಸಹಿ ಹಾಕಿಸಿಕೊಂಡಳು. ಅರ್ಜಿದಾರರ ಪರವಾಗಿ ಮಾತಾಡುವವರು ಎಂಬಲ್ಲಿ ತನ್ನ ಹೆಸರು ಹಾಕಿದಳು.

"ನೀ ಬಾಯಿ ತೆಗೆಯಡ ಅಪ್ಪಾ" ಎಂದಳು. ಭಟ್ಟರು ದೇವರ ಮೇಲೆ ಆಣೆ ಮಾಡಿದರು. ಅಭಿಜ್ಞಾಗೆ ದೇವರ ಮೇಲೆ ನಂಬಿಕೆ ಇತ್ತು, ಅಪ್ಪನ ನಾಲಿಗೆಯ ಮೇಲೆ ಇರಲಿಲ್ಲ. ಸಮಿತಿಯ ಕೋಣೆಯ ಬಾಗಿಲಲ್ಲಿ ಅವಳು ಚೀಲದಿಂದ ಒಂದು ಕವಳ ತೆಗೆದು ಅಪ್ಪನ ಬಾಯಿಗಿಟ್ಟಳು. ಸುಬ್ಬಲಕ್ಷ್ಮಿ ಖುದ್ದಾಗಿ ಮಡಿಸಿದ್ದು. ಹೊಗೆಸೊಪ್ಪು ಎಂದಿಗಿಂತ ಧಾರಾಳವಾಗಿತ್ತು.

ಒಳಗೆ ಹೋಗಿ ಕೂತ ಮೇಲೆ ಭಟ್ಟರಿಗೆ ತಾವು ಸಿಕ್ಕಿಬಿದ್ದದ್ದು ಗೊತ್ತಾಯಿತು. ಎದುರಿನ ಗೋಡೆಯ ಮೇಲೆ, ಕಾಲೇಜಿನ ಆವರಣದಲ್ಲಿ ಉಗುಳಿದರೆ ದಂಡ ಎಂದು ಬರೆದಿತ್ತು. ನುಂಗೋಣವೆಂದರೆ ಅಷ್ಟು ಹೊಗೆಸೊಪ್ಪಿನ ರಸ ಒಳಗಿಳಿದರೆ ತಲೆ ತಿರುಗಿ ಬೀಳುವುದು ಖಂಡಿತ. ಅವರು ಗದ್ದ ಎತ್ತಿ, ತುಟಿ ಬಿಗಿದು, ಕೊಡ ತುಂಬಿದ ನೀರು ಹೊತ್ತವರ ಹಾಗೆ ಕೂತರು. ಚನ್ನಬಸವ ಅವರ ಉಬ್ಬಿದ ಕೆನ್ನೆ ನೋಡಿದರು, ಹುಡುಗಿಯ ಮುಖ ನೋಡಿದರು, ಆಮೇಲೆ ಬಹಳ ದಿನದ ಮೇಲೆ ಮೊದಲ ಬಾರಿಗೆ ಸಮಾಧಾನದಿಂದ ಕುರ್ಚಿಗೆ ಒರಗಿದರು.

ಅಭಿಜ್ಞಾ ಎದ್ದು ನಿಂತಳು. ಹೋದ ಸಲ ಈ ಕೋಣೆಯಲ್ಲಿ ಅರ್ಜಿದಾರನಾಗಿ ಮಾತಾಡಿದ್ದು ಅಧ್ಯಕ್ಷರು, ಆಕ್ಷೇಪಿಸಿದ್ದು ಅರ್ಜಿದಾರ ಎಂದು ನೆನಪಿಸಿದಳು.

"ಪಾತ್ರದ ಮಾತು ಮನುಷ್ಯನದಲ್ಲ ಅಂತ ಯಲ್ಲಾಪುರದಲ್ಲಿ ತಾವೇ ಹೇಳಿದ್ರಿ ಸರ್. ರಾಜನ ಪಾತ್ರ ಮಾಡಿದವರು ಪಕ್ಕದ ರಾಜ್ಯ ದೋಚಿದೆ ಅಂದ್ರೆ ಸಭೆಗೆ ಪೊಲೀಸರು ಬರ್ತಾರಾ? ನಮ್ಮ ಅಪ್ಪ ಸಮಿತಿಯ ಪಾತ್ರದಲ್ಲಿ ಆಡಿದ ಮಾತನ್ನ ನೀವು ಅಪ್ಪನ ಮೇಲೆ ಹಾಕಿದ್ದೀರಿ. ಅರ್ಜಿದಾರ ಅರ್ಜಿದಾರನಾಗಿ ಏನು ಹೇಳ್ತಾನೆ ಅಂತ ಯಾರೂ ಪೂರ್ತಿ ಕೇಳೇ ಇಲ್ಲ. ಎರಡೂ ಕಡೆಯವರನ್ನ ಕೇಳದೆ ತೀರ್ಪು ಕೊಡಬಾರದು ಅಂತ ನಮಗೆ ಮೊದಲನೇ ವಾರವೇ ಕಲಿಸಿದ್ದಾರೆ."

ಹೆಗಡೆಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೊಟ್ಟೆ ಕುಲುಕುವಂತೆ ನಕ್ಕರು. ನಗು ನಿಂತ ಮೇಲೆ, ಸರಿ, ಹಾಗಾದರೆ ಅರ್ಜಿದಾರರ ಉತ್ತರವೇನು ಎಂದರು. ಉತ್ತರ ಅಭಿಜ್ಞಾ ಬಳಿ ಸಿದ್ಧವಿತ್ತು. ಲೋಕ ಅದಾಲತ್ತು ನಡೆದದ್ದು ಬೆಳಿಗ್ಗೆ, ಮಧ್ಯಾಹ್ನಕ್ಕೆ ಮುಗಿದಿತ್ತು. ತಾಳಮದ್ದಳೆ ಶುರುವಾದದ್ದು ಸಂಜೆ. ನಡುವೆ ಬಸ್ಸಿನಲ್ಲಿ ಬರಲು ಬೇಕಾದಷ್ಟು ಹೊತ್ತಿತ್ತು, ಆ ದಿನ ಅಪ್ಪ ಚಪ್ಪಾಳೆಯ ಭರದಲ್ಲಿ ಅದನ್ನು ಹೇಳಲು ಮರೆತರು. ಹೊಸ ಸಂಹಿತೆಗೊಂದು, ಕರಾರು ಕಾನೂನಿಗೊಂದು ಪೂರಕ ಪರೀಕ್ಷೆ ಇಡಿ, ಅವರು ಬರೆಯುತ್ತಾರೆ. ಓದಿದ್ದನ್ನು ಓದಿದ್ದಾರೆಂದು ಒಪ್ಪಿಕೊಂಡರೆ ಸಾಕು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು. "ನಂಗೂ ಓದಬೇಕು ಸರ್. ಅಪ್ಪ ಕ್ಲಾಸಲ್ಲಿದ್ರೆ ಆಗಲ್ಲ."

ಭಟ್ಟರ ಕಣ್ಣು ತೇವವಾಯಿತು. ಮಗಳ ಮಾತಿಗೋ ಹೊಗೆಸೊಪ್ಪಿನ ಘಾಟಿಗೋ ಎಂದು ಚನ್ನಬಸವ ಅನುಮಾನದಿಂದ ನೋಡಿದರು. ಮಗಳ ಮಾತಿಗೇ. ತಮ್ಮ ಮನೆಯಲ್ಲಿ ಇಂಥ ವಾದ ಬೆಳೆಯುತ್ತಿದ್ದುದು ಅವರಿಗೆ ಇಷ್ಟು ದಿನ ಕೇಳಿಸಿರಲಿಲ್ಲ, ಕೇಳಿಸಲು ಅವರು ಸುಮ್ಮನಿದ್ದದ್ದೇ ಇಲ್ಲ. ಹೆಮ್ಮೆ ಎದೆಯಿಂದ ಗಂಟಲಿಗೆ ಬಂದು ಕವಳಕ್ಕೆ ಬಡಿದು ನಿಂತಿತು. ಆದರೆ ಅದರ ಹಿಂದೆಯೇ ಇನ್ನೊಂದು ಏನೋ ಬಂದು ಬಡಿಯಿತು. ಮಗಳ ವಾದದಲ್ಲಿ ಒಂದು ತೂತಿತ್ತು. ಎಂಥ ತೂತು, ಆನೆ ಹೋಗುವಂಥದ್ದು. ಅಧ್ಯಕ್ಷರಿಗೆ ಕಂಡಿರಲಿಲ್ಲ, ಚನ್ನಬಸವರಿಗೆ ಕಂಡಿರಲಿಲ್ಲ. ಭಟ್ಟರು ಕುರ್ಚಿಯ ತುದಿಗೆ ಸರಿದರು. ಕೈ ಎತ್ತಿದರು. ಅಭಿಜ್ಞಾ ತಿರುಗಿ ನೋಡಿದಳು. ಎತ್ತಿದ ಕೈಯಲ್ಲಿ ಭಟ್ಟರು ತಲೆ ಕೆರೆದುಕೊಂಡರು.

ಮೂರನೇ ವರ್ಷಕ್ಕೆ ಪ್ರವೇಶ, ಎರಡು ಪೂರಕ ಪರೀಕ್ಷೆ ಎಂದು ಹೆಗಡೆಯವರು ಹೇಳಿದರು, ಚನ್ನಬಸವ ಬರೆದುಕೊಂಡರು. ಟೈಪಾಗಿ ಬಂದ ಕೂಡಲೇ ಸಹಿ ಮಾಡಿ ಸೀಲು ಹಾಕುತ್ತೇನೆ, ನೀವು ಹೊರಡಿ ಎಂದರು ಅಧ್ಯಕ್ಷರು. ಅಪ್ಪ ಮಗಳು ಕೈಮುಗಿದು ಹೊರಬಿದ್ದರು. ಮೆಟ್ಟಿಲಿಳಿಯುವಾಗ ಭಟ್ಟರು ಓಡಿಯೇ ಬಿಟ್ಟರು. ಗೇಟು ದಾಟಿ, ರಸ್ತೆಯಂಚಿನ ಗಟಾರಕ್ಕೆ ಬಾಗಿ, ಬಾಯಿ ಖಾಲಿ ಮಾಡಿ, ಉಸಿರೆಳೆದುಕೊಂಡರು. ಅಭಿಜ್ಞಾ ನೀರಿನ ಬಾಟಲಿ ಕೊಟ್ಟಳು. ಭಟ್ಟರು ಬಾಯಿ ಮುಕ್ಕಳಿಸಿದರು. ಮಗಳ ತಲೆಯ ಮೇಲೆ ಕೈಯಿಟ್ಟರು. ಇನ್ನೇನು ಶಹಬ್ಬಾಸ್ ಎನ್ನುತ್ತಾರೆ ಎಂದು ಅವಳು ಕಾದಳು.

"ಕೂಸೇ, ಒಳ್ಳೆ ಹೇಳ್ದೆ. ಆದ್ರೆ ಒಂದು ತಪ್ಪಿದ್ದು. ಪಾತ್ರದಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲೆ ಹೇಳಿದ್ಯಲಿ? ಇವತ್ತು ನೀ ಯನ್ನ ಪಾತ್ರದಲ್ಲಿ ಮಾತಾಡಿದ್ದೆ. ಹಂಗಾರೆ ನೀ ಹೇಳಿದ್ದೂ ಲೆಕ್ಕಕ್ಕಿಲ್ಲೆ."

ಹೇಳಿದೆವಲ್ಲ, ಮೈಕಿಲ್ಲದೆ ಸಭೆ ತುಂಬುವ ಕಂಠ. ಪ್ರಿನ್ಸಿಪಾಲರ ಕೋಣೆಯ ಕಿಟಕಿ ಇದ್ದದ್ದು ರಸ್ತೆಯ ಕಡೆಗೆ. ಕಿಟಕಿಯಲ್ಲಿ ತ್ರಯಂಬಕ ಹೆಗಡೆಯವರ ತಲೆ ಕಾಣಿಸಿತು, ಒಂದು ಕೈಯಲ್ಲಿ ಪೆನ್ನು. ಅವರ ಮುಖದಲ್ಲಿ ಆ ಮೊದಲ ದಿನದ್ದೇ ಹಸಿವು ಮತ್ತೆ ಮೂಡಿತ್ತು.

"ಎಂತ ಹೇಳಿದ್ರಿ ಭಟ್ರೇ? ಪೂರ್ತಿ ಕೇಳಿದ್ದಿಲ್ಲೆ. ಒಳಗೆ ಬನ್ನಿ, ಆನು ಇನ್ನೂ ಸಹಿ ಹಾಕಿದ್ನಿಲ್ಲೆ" ಎಂದರು.

ಭಟ್ಟರು ಶಾಲು ಸರಿಪಡಿಸಿಕೊಂಡು ಬಾಯಿ ತೆರೆದರು. ಸುಬ್ಬಲಕ್ಷ್ಮಿ ಇಷ್ಟು ವರ್ಷ ಸುಮ್ಮನೆ ಸಂಸಾರ ಮಾಡಿದವಳಲ್ಲ. ಮಗಳ ಚೀಲಕ್ಕೆ ಅವಳು ಹಾಕಿ ಕಳಿಸಿದ್ದು ಎರಡು ಕವಳ. ತೆರೆದ ಬಾಯಿಗೆ ಎರಡನೆಯದು ಹೋಯಿತು, ಅದರ ಮೇಲೆ ಅಭಿಜ್ಞಾಳ ಅಂಗೈ ಬಂತು.

"ಏನಿಲ್ಲ ಸರ್, ಅಪ್ಪ ನಮಸ್ಕಾರ ಹೇಳಿದ್ರು" ಎಂದು ಅವಳು ಕಿಟಕಿಯತ್ತ ಕೂಗಿದಳು. ಭಟ್ಟರು ಕೆನ್ನೆ ಉಬ್ಬಿಸಿಕೊಂಡು ಎರಡೂ ಕೈ ಜೋಡಿಸಿದರು. ಹೆಗಡೆಯವರು ಇನ್ನೂ ಸ್ವಲ್ಪ ಹೊತ್ತು ಆಸೆಯಿಂದ ನೋಡಿ, ನಿಟ್ಟುಸಿರು ಬಿಟ್ಟು ಒಳಗೆ ಹೋದರು. ಒಳಗೆ ಸೀಲು ಬಿದ್ದ ಸದ್ದು ಕೇಳುವವರೆಗೂ ಅವಳು ಅಪ್ಪನ ಬಾಯಿಯ ಮೇಲಿನ ಕೈ ತೆಗೆಯಲಿಲ್ಲ.